ಟೊಮಾಸನ ಕಿತ್ತಳೆ ಯಂತ್ರ

ಜನವರಿ 6, ಮಂಗಳವಾರ
ಇವತ್ತೂ ಸಂಪು ತುಂಬಲಿಲ್ಲ. ಟ್ಯಾಂಕ್ ನೋಡಲು ಟೆರೇಸಿಗೆ ಹೋದರೆ ಮತ್ತೆ ಅವನೇ, ಮಹಡಿ ಬಾಡಿಗೆಯ ಫಾರಿನ್ ಹುಡುಗ ಟೊಮಾಸ್. ಕೈಯಲ್ಲಿ ಕಿತ್ತಳೆ ಬಣ್ಣದ ಯಂತ್ರ, ಮೇಲೊಂದು ಗಿಡ್ಡ ಆಂಟೆನಾ. ಆಕಾಶಕ್ಕೆ ಹಿಡಿದು ನಿಂತಿದ್ದ. ನನ್ನನ್ನು ಕಂಡದ್ದೇ ಜೇಬಿಗೆ ತುರುಕಿ 'ಊಟ ಆಯ್ತಾ ಆಂಟಿ' ಅಂದ. ಬೆಳಿಗ್ಗೆ ಏಳಕ್ಕೆ ಎಂಥ ಊಟ! ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

ಜನವರಿ 9
ಮಗ ವಿಜಯನಿಗೆ ಹೇಳಿದೆ. ನಕ್ಕ. ಟ್ರೆಕ್ಕಿಂಗ್ ಮಾಡುವ ಹುಡುಗ, ಪೊಲೀಸರಿಗೆ ತಿಳಿಸಿಯೇ ಮನೆ ಕೊಟ್ಟಿದ್ದೇವೆ, ನಿನಗೆ ಎಲ್ಲರ ಮೇಲೂ ಅನುಮಾನ ಅಂದ. ಇರಲಿ. ತಿಲಕ್ ನಗರದಲ್ಲಿ ಎಷ್ಟು ಬಾಡಿಗೆದಾರರನ್ನು ಕಂಡಿಲ್ಲ ನಾನು... ಜಾಸ್ತಿ ನಗುವವರೇ ಕೈ ಕೊಟ್ಟದ್ದು.

ಜನವರಿ 16, ಸಂಜೆ
ಟಿವಿಯಲ್ಲಿ ಅಂಥದ್ದೇ ಯಂತ್ರ! ಏರ್‌ಪೋರ್ಟಿನಲ್ಲಿ ಯಾರೋ ವಿದೇಶಿಯನ್ನು ಹಿಡಿದರಂತೆ. ಸ್ಯಾಟಲೈಟ್ ಫೋನಿನ ಜಾತಿಯದು, ಪರ್ಮಿಷನ್ ಇಲ್ಲದೆ ಇಟ್ಟುಕೊಂಡರೇ ಅಪರಾಧ. ಮೇಲೆ ಹೋಗಿ ಕೇಳಿಯೇಬಿಟ್ಟೆ. ಬೆಟ್ಟದಲ್ಲಿ ಸಿಗ್ನಲ್ ಇಲ್ಲದಿದ್ದರೂ ಅಮ್ಮನಿಗೆ ಮೆಸೇಜ್ ಹೋಗುತ್ತದೆ, ನಮ್ಮ ದೇಶದಲ್ಲಿ ಇದೆಲ್ಲ ಮಾಮೂಲು ಅಂದ.

"ನಿಮ್ಮೂರಲ್ಲಿ ಏನಾದ್ರೂ ಇರ್ಲಿ ಕಣಪ್ಪ, ಬಂದಿರೋದು ಇಲ್ಲಿಗೆ. ಇಲ್ಲಿನ ಕಾನೂನು ಕೇಳ್ಬೇಕು. ನೀನೇ ಸ್ಟೇಷನ್ನಿಗೆ ಹೋಗಿ ಒಪ್ಪಿಸು, ನಾನೂ ಬರ್ತೀನಿ."

ಹರಕು ಇಂಗ್ಲಿಷಿನಲ್ಲೇ ಇಷ್ಟನ್ನೂ ಹೇಳಿದೆ. ಅವನ ಮುಖ ಬಿಳುಚಿಕೊಂಡಿತು. ನಾಳೆ ಹೋಗೋಣ ಅಂದ. ಪಾಪ ಅನಿಸಿತು — ಆದರೆ ನಾಳೆ ಯಾಕೆ?

ಜನವರಿ 20
ದಿನಾ ನಾಳೆ. ನಾಡಿದ್ದು ಅವನ ಫ್ಲೈಟು. ಏರ್‌ಪೋರ್ಟಿಗಂತೂ ಅದನ್ನು ಒಯ್ಯುವುದಿಲ್ಲವಂತೆ, ಚಿಂತೆ ಮಾಡಬೇಡಿ ಆಂಟಿ ಅಂದ. ಮತ್ತೆಲ್ಲಿ ಬಿಡುತ್ತಾನೆ? ಕೇಳಿದರೆ ನಗು.

ಜನವರಿ 22, ಬೆಳಿಗ್ಗೆ
ಹೊರಟ. ಕಾಲು ಮುಟ್ಟಿ ನಮಸ್ಕಾರ ಬೇರೆ. ಹಬ್ಬಕ್ಕೆ ಎಳ್ಳುಬೆಲ್ಲ ಕೊಟ್ಟಿದ್ದ ಸ್ಟೀಲ್ ಡಬ್ಬಿ ಕೈಗಿಟ್ಟು ಕ್ಯಾಬ್ ಹತ್ತಿದ. ಭಾರ ಇತ್ತು. ತೆಗೆದರೆ ಒಳಗೆ ಅದೇ ಕಿತ್ತಳೆ ಯಂತ್ರ!

ಖಾಲಿ ಡಬ್ಬಿ ಹಿಂದಿರುಗಿಸಬಾರದು, ಚೂರು ಸಕ್ಕರೆಯನ್ನಾದರೂ ಹಾಕಿ ಕೊಡಬೇಕು ಅಂತ ಅವನಿಗೆ ಕಲಿಸಿದವಳೇ ನಾನು. ಥೂ. ಅವನು ಕ್ಷೇಮವಾಗಿ ಹೋದ. ಅಪರಾಧ ನನ್ನ ಅಡುಗೆಮನೆಯಲ್ಲಿ ಉಳಿಯಿತು.

ಕೆರೆಗೆ ಎಸೆದು ಬರುತ್ತೇನೆ ಅಂದ ವಿಜಯ. ಬೇಡ ಅಂದೆ. ಅಷ್ಟು ಬುದ್ಧಿ ಹೇಳಿ ಈಗ ನಾನೇ ಕದ್ದುಮುಚ್ಚಿ ಮಾಡಲೇ? ಸ್ನಾನ ಮುಗಿಸಿ ಸ್ಟೇಷನ್ನಿಗೆ ಹೋಗುತ್ತೇನೆ. ಹೆದರಿಕೆ ಇದೆ, ಆದರೂ ಹೋಗುತ್ತೇನೆ.

ಹನ್ನೊಂದು ಗಂಟೆ
ಡಬ್ಬಿ ಚೀಲಕ್ಕೆ ಹಾಕಿ ಹೊರಡುವಷ್ಟರಲ್ಲಿ ಗೇಟಿನ ಹತ್ತಿರ ಪೊಲೀಸರು. ನಮ್ಮ ಟೆರೇಸಿನಿಂದ ಸ್ಯಾಟಲೈಟ್ ಸಿಗ್ನಲ್ ಹೋಗಿದೆಯಂತೆ. ವಿಜಯ ಹೆದರಿ, ಅಂಥದ್ದೇನೂ ನಮ್ಮನೆಯಲ್ಲಿ ಇಲ್ಲ ಸಾರ್ ಅಂದುಬಿಟ್ಟ. ಮುಂಡೇಗಂಡ! ಚಪ್ಪಲಿ ಬಿಟ್ಟು ರೂಮಿಗೆ ಬಂದಿದ್ದೇನೆ, ಚೀಲ ಮಡಿಲಲ್ಲೇ ಇದೆ. ಇದನ್ನು ಬರೆದಿಟ್ಟರಾದರೂ ಸಾಕ್ಷಿಯಾಗುತ್ತದೇನೋ. ಒಪ್ಪಿಸಲೆಂದೇ ಹೊರಟಿದ್ದೆ ಅಂದರೆ ನಂಬುತ್ತಾರೆಯೇ? ಅವರ ಜಾಗದಲ್ಲಿ ನಾನಿದ್ದಿದ್ದರೆ ನಾನೇ ನಂಬು—