ಅಮ್ಮನ ಸಂದರ್ಶನಕ್ಕೆ ಮುಂಚೆ

ಹಾಸ್ಟೆಲ್
ಗುರುವಾರ, ಊಟದ ಬಿಡುವು

ಪ್ರೀತಿಯ ಅಮ್ಮಾ,

ಫೋನಿನಲ್ಲಾದರೆ ನನ್ನ ಅರ್ಧ ಮಾತನ್ನು ನೀನೇ ಮುಗಿಸಿಬಿಡುತ್ತೀಯ, ಅದಕ್ಕೇ ಈ ಕಾಗದ. ಭಾನುವಾರ ನಾನು ಫೋನ್ ಕಟ್ ಮಾಡಿದ ಮೇಲೆ ನೀನು ಮತ್ತೆ ಮತ್ತೆ ಮಾಡಿದೆ, ನಾನು ಎತ್ತಲಿಲ್ಲ. ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ ಅಂತ ಮೊದಲೇ ಹೇಳಿಬಿಡುತ್ತೇನೆ.

ನಿನ್ನೆ ಪ್ರವೇಶ ವಿಭಾಗದ ಮೇಡಂ ನನ್ನನ್ನು ಕರೆಸಿದ್ದರು. ನನ್ನ ಕಾಲೇಜಿಗೇ ಸೇರಲು ನೀನು ಹಾಕಿದ ಅರ್ಜಿ ಮೊದಲ ಸುತ್ತು ದಾಟಿದೆ. ನಲವತ್ತು ಮೀರಿದವರಿಗೆ ಇಲ್ಲಿ ಇರುವುದು ಎರಡೇ ಸೀಟು, ಮುಂದಿನ ವರ್ಷದಿಂದ ಅದೂ ಇಲ್ಲ. ಒಂದೇ ಮನೆಯವರು ಒಟ್ಟಿಗೆ ಓದಬೇಕಾದರೆ ಮೊದಲು ಸೇರಿದವರ ಒಪ್ಪಿಗೆ ಬೇಕಂತೆ. ನಾನು ಬೇಡ ಅಂದರೆ ನಿನ್ನನ್ನು ಸಂದರ್ಶನಕ್ಕೆ ಕರೆಯುವುದಿಲ್ಲ, ಯಾಕೆ ಅಂತಲೂ ಹೇಳುವುದಿಲ್ಲ. ಅಮ್ಮನ ಮುಖ ನೋಡ್ಕೊಂಡು ಹೇಳಬೇಡಿ, ನಿಮ್ಮ ಓದು ನೋಡ್ಕೊಂಡು ಹೇಳಿ ಅಂದರು. ಇವತ್ತು ಸಂಜೆಯೊಳಗೆ ಉತ್ತರ ಕೊಡಬೇಕು.

ನನ್ನ ಉತ್ತರ ಏನು ಅಂತ ನೋಡಲು ಈಗಲೇ ಕೊನೆಯ ಪುಟಕ್ಕೆ ಹಾರಬೇಡ. ಹಾರುತ್ತೀಯ, ನನಗೆ ಗೊತ್ತು.

ಇಲ್ಲಿಗೆ ಬರುವವರು ಮೊದಲೇ ತಿಳಿದಿರಬೇಕಾದ್ದನ್ನೆಲ್ಲ ಬರೆದು ಕಳಿಸು ಅಂದಿದ್ದೆಯಲ್ಲ, ಕೇಳು. ಲಿಬರಲ್ ಆರ್ಟ್ಸ್ ಅಂದ್ರೆ ಚಿತ್ರ ಬಿಡಿಸೋದಾ ಅಂತ ಚಿಕ್ಕಮ್ಮ ಈಗಲೂ ಕೇಳುತ್ತಾಳೆ. ಚಿತ್ರವೂ ಉಂಟು. ಬೆಳಿಗ್ಗೆ ಗಣಿತ, ಮಧ್ಯಾಹ್ನ ನಾಟಕ, ನಡುವೆ ಕಪ್ಪೆಯ ಹೃದಯ. ಓದಿ ಮುಗಿಸಿದರೆ ಯಾವ ಕೆಲಸ ಸಿಗುತ್ತದೆ ಅಂತ ಕೇಳಿದರೆ ಮೇಷ್ಟ್ರುಗಳೂ ಕಿಟಕಿಯ ಕಡೆ ನೋಡುತ್ತಾರೆ. ಅರ್ಜಿ ಹಾಕಿದ ಐವತ್ತು ಜನರಲ್ಲಿ ಒಬ್ಬರನ್ನು ಆರಿಸುತ್ತಾರೆ, ಆ ಒಬ್ಬರಿಗೆ ಮೊದಲ ತಿಂಗಳಲ್ಲೇ ತನ್ನನ್ನು ಎಲ್ಲೋ ತಪ್ಪಿ ಆರಿಸಿದರು ಅನಿಸತೊಡಗುತ್ತದೆ. ನಾನು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತದ್ದನ್ನು ನಿನಗೆ ಹೇಳಿರಲಿಲ್ಲ. ಅಂಕಗಳಿಲ್ಲ. ಬದಲಿಗೆ ವರ್ಷದ ಕೊನೆಗೆ ಮೇಷ್ಟ್ರು ಎದುರಿಗೆ ಕೂರಿಸಿಕೊಂಡು, ನೀವು ಎಲ್ಲೆಲ್ಲಿ ಮೈಗಳ್ಳತನ ಮಾಡಿದಿರಿ ಅಂತ ಮೆಲ್ಲಗೆ ಹೇಳುತ್ತಾರೆ. ಅದಕ್ಕಿಂತ ಅಂಕವೇ ವಾಸಿ.

ಎಲ್ಲಕ್ಕಿಂತ ಮುಖ್ಯವಾದದ್ದು ಮೇಜು. ಪಾಠವೆಲ್ಲ ಒಂದು ದೊಡ್ಡ ಮೇಜಿನ ಸುತ್ತ ನಡೆಯುತ್ತದೆ. ಮಾತಾಡಬೇಕಾದರೆ, ನಿನಗಿಂತ ಮುಂಚೆ ಮಾತಾಡಿದವರು ಏನು ಹೇಳಿದರು ಅಂತ ಮೊದಲು ಹೇಳಬೇಕು. ಅವರು ಹೌದು, ನಾನಂದಿದ್ದು ಅದೇ ಅಂತ ಒಪ್ಪಿದ ಮೇಲೆ ನಿನ್ನ ಸರದಿ. ಅಲ್ಲ ಅಂದರೆ ಇನ್ನೊಮ್ಮೆ ಕೇಳಿಸಿಕೊಂಡು ಇನ್ನೊಮ್ಮೆ ಹೇಳಬೇಕು. ಜಾಣರೆಲ್ಲ ಇಲ್ಲೇ ಮುಗ್ಗರಿಸುವುದು. ಸಂದರ್ಶನವೂ ಇದೇ ಮೇಜಿನಲ್ಲಿ, ಇದೇ ರೀತಿಯಲ್ಲಿ.

ಅಮ್ಮಾ, ಇದು ನಿನ್ನ ಕೈಲಿ ಆಗುವುದಿಲ್ಲ. ನಿನ್ನ ಡೆಂಟಲ್ ಲ್ಯಾಬಿನಲ್ಲಿ ಮೇಣದ ಮೇಲೆ ಕಟ್ಟುಹಲ್ಲು ಜೋಡಿಸುವಾಗ ನಿನಗಿರುವ ತಾಳ್ಮೆ ಯಾರಿಗೂ ಇಲ್ಲ, ಒಪ್ಪುತ್ತೇನೆ. ಆದರೆ ಇಡೀ ಊರಿಗೆ ಹಲ್ಲಿನ ಸೆಟ್ಟು ಮಾಡಿಕೊಡುವ ನೀನು ಒಬ್ಬರಿಗೂ ಬಾಯಿ ತೆರೆಯಲು ಬಿಡುವುದಿಲ್ಲ. ಚಪ್ಪಲಿ ಅಂಗಡಿಯವನು ಕಾಲಿಗೆ ಒತ್ತುತ್ತಾ ಅಂತ ನನ್ನನ್ನು ಕೇಳಿದರೆ ನೀನು ಇಲ್ಲ ಅನ್ನುತ್ತಿದ್ದೆ. ಡಾಕ್ಟರು ನೋವು ಎಲ್ಲಿ ಅಂತ ಕೇಳಿದರೆ ನೀನೇ ತೋರಿಸುತ್ತಿದ್ದೆ, ಎಷ್ಟೋ ಸಲ ಬೇರೆ ಕಡೆ. ನಾನು ಇಲ್ಲಿಗೆ ಓದಲು ಬಂದೆ ಅಂತ ಎಲ್ಲರೂ ತಿಳಿದಿದ್ದಾರೆ. ನಿಜವಾಗಿ ಬಂದದ್ದು ನನ್ನ ಮಾತನ್ನು ನಾನೇ ಮುಗಿಸಲು. ಈಗ ನೀನೂ ಹಾಸಿಗೆ ಸುತ್ತಿಕೊಂಡು ಇಲ್ಲಿಗೇ ಬರುತ್ತೀನಿ ಅಂದರೆ ನಾನು ಇನ್ನೆಲ್ಲಿಗೆ ಹೋಗಲಿ?

ಇಲ್ಲಿಯವರೆಗೆ ಬರೆದು ಓದಿ ನೋಡಿದೆ. ಇದು ಸಲಹೆಯಲ್ಲ, ನಿನ್ನನ್ನು ಹೆದರಿಸಿ ಓಡಿಸುವ ಉಪಾಯ. ಹರಿಯದೆ ಹಾಗೇ ಬಿಟ್ಟಿದ್ದೇನೆ, ನೀನೂ ನೋಡು.

ಪೋಷಕರ ದಿನ ನೆನಪಿದೆಯಾ? ಬಂದವರು ಗೋಡೆಯ ಪಕ್ಕದ ಕುರ್ಚಿಗಳಲ್ಲಿ ಸುಮ್ಮನೆ ಕೂತು ಪಾಠ ಕೇಳಬೇಕಿತ್ತು. ಮಾತು ಕೊಟ್ಟವನು ಬದಲಾಗಿಬಿಟ್ಟರೆ ಆ ಮಾತಿಗೆ ಬೆಲೆ ಇದೆಯೇ ಅನ್ನುವುದು ಆವತ್ತಿನ ಚರ್ಚೆ. ನಮ್ಮ ತರಗತಿಯಲ್ಲಿ ತೊದಲುವ ಒಬ್ಬನಿದ್ದಾನೆ. ಅವನು ಒಂದು ಪದಕ್ಕೆ ತಡವರಿಸಿದ್ದೇ ತಡ, ಗೋಡೆಯ ಕಡೆಯಿಂದ ನೀನು ಅವನ ಮಾತು ಮುಗಿಸಿದೆ. ನನಗೆ ನೆಲ ಬಿರಿದು ನುಂಗಬಾರದೇ ಅನಿಸಿತು. ಅವನು ನಿನ್ನ ಕಡೆ ತಿರುಗಿ, ಅಲ್ಲ, ನಾನು ಹೇಳೋಕೆ ಹೊರಟಿದ್ದು ಅದಲ್ಲ ಅಂದ. ಆಮೇಲೆ ನೀನು ಮಾಡಿದ್ದನ್ನು ನಾನು ಈವರೆಗೆ ನಿನ್ನ ಹತ್ತಿರ ಎತ್ತಿಲ್ಲ. ಹೌದಾ, ಹಾಗಾದ್ರೆ ಏನು, ನೀವೇ ಹೇಳಿ ಅಂತ ನೀನು ಅಂದೆ. ಅಂದು ಕಾದೆ. ಅವನಿಗೆ ಪದ ಸಿಗುವಷ್ಟು ಹೊತ್ತೂ ಮಡಿಲಲ್ಲಿ ಕೈ ಕಟ್ಟಿಕೊಂಡು ಕಾದೆ.

ಎಲ್ಲರೂ ನಿನ್ನನ್ನು ಮೆಚ್ಚಿಕೊಂಡರು. ನಾನು ಮಾತ್ರ ಉರಿದುಹೋದೆ. ಯಾರೋ ಹುಡುಗನಿಗಾಗಿ ಕಾಯಲು ನಿನಗೆ ಬರುತ್ತದೆ ಅಂದರೆ ನನಗಾಗಿ ಯಾಕೆ ಇಷ್ಟು ವರ್ಷ ಕಾಯಲಿಲ್ಲ? ಅರ್ಜಿ ಹಾಕಿದೆ ಅಂತ ನೀನು ಹೇಳಿದಾಗ ನಾನು ಕಿರುಚಾಡಿದ್ದು ಅದಕ್ಕೇ, ಮತ್ತೇನಲ್ಲ.

ಈಗ ಭಾನುವಾರದ ಮಾತಿಗೆ ಬರುತ್ತೇನೆ. ನೀನು ಹೇಳಿದ್ದನ್ನು ಮೇಜಿನ ನಿಯಮದಂತೆ ಮೊದಲು ಹೇಳಿ ನೋಡುತ್ತೇನೆ. ನೀನಿದ್ದೀಯ ಅಂತ ನಾನು ಅಲ್ಲಿಗೆ ಬರ್ತಿಲ್ಲ ಕಣೇ, ನಾನು ಬರ್ತಿರೋದು... ಅಂತ ನೀನು ಅಂದೆ. ಅಷ್ಟಕ್ಕೇ ನಾನು ಕಟ್ ಮಾಡಿದೆ. ಉಳಿದದ್ದನ್ನು ನಾಲ್ಕು ದಿನದಿಂದ ನಾನೇ ಮುಗಿಸುತ್ತಿದ್ದೇನೆ. ನಿನ್ನ ಮೇಲೆ ಒಂದು ಕಣ್ಣಿಡೋಕೆ ಅಂತ ಒಂದು ಸಲ. ನಾನೇನು ನಿನಗಿಂತ ಕಮ್ಮಿನಾ ಅಂತ ಇನ್ನೊಂದು ಸಲ. ಯಾವುದನ್ನು ಹೇಳಿಕೊಂಡರೂ ಒಳಗೆ ಕೇಳಿಸುವುದು ನನ್ನ ದನಿಯೇ, ನಿನ್ನದಲ್ಲ. ಇದರಲ್ಲಿ ನಾನು ನಿನ್ನ ಮಗಳೇ ಸರಿ.

ಊಟದ ಬಿಡುವು ಮುಗಿಯಿತು. ಪೆನ್ನು ಇಟ್ಟು ಮೇಡಂ ಹತ್ತಿರ ಹೋಗಿ ಬಂದೆ. ಬರಲಿ ಅಂದೆ. ನಿನ್ನೆ ಮುಖ ಬಾಡಿಸಿಕೊಂಡು ಹೋದಿರಿ, ಇವತ್ತೇನಾಯ್ತು ಅಂತ ಕೇಳಿದರು. ಅಮ್ಮನ ಒಂದು ಮಾತು ಅರ್ಧಕ್ಕೆ ನಿಂತಿದೆ, ಪೂರ್ತಿ ಕೇಳಬೇಕು ಅಂದೆ. ಸೀಟು ಸಿಗುತ್ತದೋ ಇಲ್ಲವೋ ಅದು ನಿನ್ನ ಕೈಯಲ್ಲಿದೆ, ಅಲ್ಲಲ್ಲ, ನಿನ್ನ ಕಿವಿಯಲ್ಲಿದೆ. ಸಿಕ್ಕರೆ ನನ್ನ ಮಹಡಿಯಲ್ಲಿ ಕೋಣೆ ಕೇಳಕೂಡದು, ಇದೊಂದು ಷರತ್ತು. ನಾವಿಬ್ಬರೂ ಹೊರಟರೆ ಮನೆಯಲ್ಲಿ ಕೊನೆಗೂ ತನಗೆ ಮಾತಾಡಲು ಅವಕಾಶ ಸಿಗುತ್ತೆ ಅಂತ ಅಪ್ಪ ಹೇಳಿದರಂತಲ್ಲ, ಅವರಿಗೆ ನನ್ನ ನಮಸ್ಕಾರ.

ಆ ಮಾತಿನ ಉಳಿದರ್ಧವನ್ನು ಬಂದೇ ಹೇಳು. ನಾನು ಕಾಯುತ್ತೇನೆ.

ನಿನ್ನ
ಮೊಂಡಿ

ಮರೆತಿದ್ದು: ಮೇಜಿನಲ್ಲಿ ಮೇಷ್ಟ್ರಿಂದ ಹಿಡಿದು ಎಲ್ಲರನ್ನೂ ಹೆಸರು ಹಿಡಿದೇ ಕರೆಯಬೇಕು, ಅಮ್ಮ ಗಿಮ್ಮ ನಡೆಯುವುದಿಲ್ಲ. ಕನ್ನಡಿಯ ಮುಂದೆ ನಿಂತು ನಿನ್ನ ಹೆಸರು ಹೇಳಿ ಅಭ್ಯಾಸ ಮಾಡಿದೆ. ಪ್ರತಿ ಸಲವೂ ಬಾಯಿಗೆ ಬಂದದ್ದು ಅಮ್ಮ ಅಂತಲೇ. ಇದನ್ನು ಮಾಡಿದ್ದು ಇವತ್ತಲ್ಲ, ಸೋಮವಾರ, ಮೇಡಂ ನನ್ನನ್ನು ಕರೆಸುವುದಕ್ಕೂ ಮುಂಚೆ.