ಲಿಫ್ಟಿನ ಹೆಂಗಸು

ಬುಧವಾರ, ೧೨ ಮಾರ್ಚ್

ಅಕ್ಕನ ಮೇಲೆ ಸಿಟ್ಟೋ, ಒಳಗೊಳಗೇ ಹಿಗ್ಗೋ, ಇನ್ನೂ ಗೊತ್ತಾಗುತ್ತಿಲ್ಲ. ‘ಬರೀ ದೆವ್ವ, ಪತ್ತೇದಾರಿ ಅಂತ ಗೀಚ್ತೀಯ, ಒಂದಾದ್ರೂ ನೆಟ್ಟಗಿರೋ ಪುಸ್ತಕ ಬರಿ’ ಎಂದು ಮೂಗು ಮುರಿಯುತ್ತಲೇ ಬಂದವಳು, ನನ್ನ ಒಂದು ಪುಟವನ್ನೂ ಓದದವಳು, ಇವತ್ತು ಊಟದ ನಡುವೆ ದನಿ ತಗ್ಗಿಸಿ ಲಿಫ್ಟಿನ ಹೆಂಗಸಿನ ಕಥೆ ಹೇಳಿದಳು. ಅದು ನನ್ನ ಮೊದಲ ಕಾದಂಬರಿಯ ದೆವ್ವ!

‘ಕಥೆ ಅಲ್ಲ ಕಣೋ, ನಿಜ. ನಮ್ಮ ಆಸ್ಪತ್ರೆ ನರ್ಸೇ ಕಣ್ಣಾರೆ ನೋಡಿದ್ದಾಳೆ. ಬಾಗಿಲು ಮುಚ್ಚೋ ಹೊತ್ತಿಗೆ ಓಡಿ ಬರ್ತಾಳಂತೆ. ಸ್ವಲ್ಪ ಹಿಡ್ಕೊಳ್ಳಿ, ಮೇಲೆ ಮಗು ಒಂದೇ ಇದೆ ಅಂತಾಳಂತೆ.’

ಅದು ನನ್ನದು ಎನ್ನಲು ಬಾಯಿ ತೆರೆದವನು ತುತ್ತು ಹಾಕಿಕೊಂಡೆ. ಮಗು ನನ್ನದಲ್ಲ. ನಾನು ಬರೆದವಳು ಬರೀ ಕಣ್ಣರಳಿಸಿ ಹೆದರಿಸುತ್ತಿದ್ದಳು. ಅವಳು ಎಲ್ಲಿಗೆ ಹೊರಟವಳೆಂದು ನಾನು ಯೋಚಿಸಿಯೇ ಇರಲಿಲ್ಲ. ಬಾಯಿಂದ ಬಾಯಿಗೆ ದಾಟುವಾಗ ಯಾರೋ ಯೋಚಿಸಿದ್ದಾರೆ. ಬರೆದವರು ಯಾರೆಂದು ಗೊತ್ತಿಲ್ಲದ ಇಂಥ ಕಥೆಗಳಿಗೇ ಅಲ್ಲವೇ ನಾನು ಚಿಕ್ಕಂದಿನಿಂದ ಪ್ರಾಣ ಬಿಡುತ್ತಿದ್ದದ್ದು?

ಮನೆಗೆ ಬಂದಾಗ ನಮ್ಮ ಲಿಫ್ಟ್ ಖಾಲಿ ಇತ್ತು. ಬಾಗಿಲು ಮುಚ್ಚಿಕೊಳ್ಳುವಾಗ ನನಗೇ ಅರಿವಿಲ್ಲದೆ ಕೈ ಅಡ್ಡ ಹಿಡಿದೆ. ಲಿಫ್ಟ್ ಕೀಂಯ್ ಎಂದು ಬಯ್ಯತೊಡಗಿತು. ನಗು ಬಂತು. ಆದರೂ ಕೈ ತೆಗೆಯಲು ಮನಸ್ಸಾಗಲಿಲ್ಲ. ಮೇಲೆ ಮಗು ಒಂದೇ ಇದೆಯಲ್ಲ.