ಬಿಳಿ ಮರಿ ತಲೆಯೆತ್ತಿದ್ದು

ಮನೆಯಿಂದ
ಮಾರ್ಚ್ ೧೧, ಬುಧವಾರ ಮಧ್ಯಾಹ್ನ

ಪ್ರೀತಿಯ ಅತ್ತೆಗೆ ನಿಮ್ಮ ಸೊಸೆಯ ನಮಸ್ಕಾರಗಳು.

ನಿಮ್ಮ ಮಂಡಿನೋವು ಹೇಗಿದೆ? ಮಗಳ ಬಾಣಂತನಕ್ಕೆಂದು ಹೋಗಿ ನೀವೇ ಹಾಸಿಗೆ ಹಿಡಿದೀರಿ, ಜೋಪಾನ. ಆ ಮನೆಯ ಮೆಟ್ಟಿಲು ತೀರಾ ಕಡಿದು ಎಂದು ಇವರು ಹೇಳುತ್ತಿದ್ದರು. ನೀರಿನ ಬಕೆಟ್ಟನ್ನು ಅಳಿಯಂದಿರೇ ಹೊರಲಿ, ಅವರ ಕೈಯೇನೂ ಸವೆದುಹೋಗುವುದಿಲ್ಲ. ಮೊಮ್ಮಗ ಬಾಗಿಲು ಹಾಕಿದ ಸದ್ದಿಗೂ ಬೆಚ್ಚಿಬೀಳುತ್ತಾನೆ, ಯಾರಿಗೂ ನಿದ್ದೆಯಿಲ್ಲ ಎಂದು ಬರೆದಿದ್ದೀರಿ. ಆ ಒಂದು ಸಾಲನ್ನು ಎಷ್ಟು ಸಲ ಓದಿದೆನೋ ನನಗೇ ಗೊತ್ತಿಲ್ಲ.

ನಮ್ಮ ಪಾಪು ಬೆಚ್ಚುವುದಿಲ್ಲ, ಅತ್ತೆ. ನೀವು ಹೊರಟಾಗ ಅವಳಿಗೆ ಎರಡು ತಿಂಗಳು. ‘ಬಂಗಾರದಂಥ ಮಗು, ಪಕ್ಕದಲ್ಲಿ ಗೋಡೆ ಬಿದ್ರೂ ಏಳಲ್ಲ’ ಎಂದು ಹೆಮ್ಮೆಪಟ್ಟಿದ್ದಿರಿ. ಈಗ ಐದು ತುಂಬಿದೆ. ಮುಖ ಕಂಡರೆ ಬಾಯಿತುಂಬ ನಗುತ್ತಾಳೆ. ಬೆನ್ನ ಹಿಂದಿನಿಂದ ಕರೆದರೆ ತಿರುಗುವುದಿಲ್ಲ. ಕುಕ್ಕರ್ ಕೂಗಿದಾಗಲೆಲ್ಲ ನಾನು ಅಡುಗೆಮನೆಯಿಂದ ಓಡಿಬಂದು ಅವಳ ರೆಪ್ಪೆ ನೋಡುತ್ತೇನೆ. ಇವರಿಗೆ ಹೇಳಿದರೆ ‘ನಿದ್ದೆಗೆಟ್ಟ ತಲೆಗೆ ನೂರೆಂಟು ಅನುಮಾನ, ಮೊದ್ಲು ನೀನು ಮಲ್ಕೋ’ ಎಂದು ಹೇಳಿ ಕೆಲಸಕ್ಕೆ ಹೋಗುತ್ತಾರೆ. ಮಲಗುವುದು ಹೇಗೆ? ಅವಳು ಮಲಗಿದ್ದರೆ ಎಬ್ಬಿಸಿ ನೋಡೋಣ ಅನ್ನಿಸುತ್ತದೆ, ಎದ್ದಿದ್ದರೆ ಚಪ್ಪಾಳೆ ತಟ್ಟಿ ನೋಡೋಣ ಅನ್ನಿಸುತ್ತದೆ. ಕಾಲೇಜಿನಲ್ಲಿ ಕಿವಿಯ ಚಿತ್ರ ಬರೆದು ಭಾಗಗಳನ್ನು ಹೆಸರಿಸಿ ಹತ್ತಕ್ಕೆ ಒಂಬತ್ತು ತೆಗೆದುಕೊಂಡವಳು ನಾನು. ಈಗ ಅದರಿಂದ ಮೂರುಕಾಸಿನ ಉಪಯೋಗವಿಲ್ಲ.

ಇನ್ನು ಮನೆಯ ಸುದ್ದಿ. ಕಪ್ಪಿ ನಾಯಿಯ ಮರಿಗಳಿಗೆ ಐದು ವಾರವಾಯಿತು, ಆರೂ ಉಳಿದುಕೊಂಡಿದ್ದವು. ಭಾನುವಾರ ಮಾವ ಬೇಟೆಗೆ ಯಾವುವನ್ನು ಇಟ್ಟುಕೊಳ್ಳುವುದೆಂದು ಆರಿಸಿದರು. ಪ್ರತಿ ಸಲವೂ ತಾಯಿನಾಯಿಯನ್ನು ಹೊರಗೆ ಹಿಡಿದು ನಿಲ್ಲುತ್ತಿದ್ದವರು ನೀವು. ಒಳಗೆ ನಡೆಯುವುದನ್ನು ಒಮ್ಮೆಯೂ ನೋಡಿಲ್ಲ ಎಂದಿದ್ದಿರಿ. ನಾನು ನೋಡಿದೆ. ಷೆಡ್ಡಿನ ಹಲಗೆ ನೆಲದ ಮೇಲೆ ಅಗಲವಾದ ತಟ್ಟೆಯಲ್ಲಿ ಹಾಲು ಹುಯ್ದು ಆರನ್ನೂ ಬಿಡುತ್ತಾರೆ. ಅವು ಮೂತಿ ಮುಳುಗಿಸಿದ ಮೇಲೆ ಮಾವ ಸದ್ದಿಲ್ಲದೆ ಹಿಂದೆ ಹೋಗಿ, ತಗಡಿನ ಮುಚ್ಚಳಕ್ಕೆ ಸೌಟಿನಿಂದ ಒಂದೇ ಒಂದು ಏಟು ಹಾಕುತ್ತಾರೆ. ಮೊದಲು ತಲೆಯೆತ್ತಿದ ಮೂರು ಮನೆಗೆ. ಆಮೇಲಿನ ಎರಡು, ಬೇಟೆಯಲ್ಲಿ ಅವರ ಜೊತೆಗಾರರಾದ ವಾಚ್ ರಿಪೇರಿಯವರಿಗೆ. ಕೊನೆಯದು ಗೋಣಿಚೀಲಕ್ಕೆ. ಅದನ್ನು ಬೀದಿಗೆ ಬಿಡಬಾರದೇ ಎಂದು ಕೇಳಿದ್ದಕ್ಕೆ ‘ಬೇಟೆ ತಳಿ ಅದು. ನಾಳೆ ಯಾರದೋ ಕುರಿ ಹಿಡಿದ್ರೆ ಜವಾಬು ಹೇಳೋರು ಯಾರು?’ ಎಂದರು. ಕಿವಿಯನ್ನೇ ಯಾಕೆ ನೋಡುತ್ತೀರಿ ಎಂದೆ. ‘ಕಿವಿ ಕೇಳದ ನಾಯಿ ಹಂದಿ ಮುಂದೆ ತಾನೂ ಸಾಯತ್ತೆ, ನಂಬ್ಕೊಂಡು ಹಿಂದೆ ಬಂದೋನನ್ನೂ ಸಾಯಿಸತ್ತೆ’ ಎಂದರು.

ಆರರಲ್ಲಿ ಒಂದು ಬಿಳಿಯದು, ಒಂದು ಕಣ್ಣು ನೀಲಿ. ಎರಡು ವಾರದಿಂದ ಅದರ ಮೇಲೆಯೇ ನನ್ನ ಕಣ್ಣು. ಕಪ್ಪಿ ಬಂದ ಸದ್ದಿಗೆ ಉಳಿದವೆಲ್ಲ ಎದ್ದರೂ ಅದು ಮಲಗಿಯೇ ಇರುತ್ತಿತ್ತು; ಯಾವುದಾದರೂ ಮೈ ತುಳಿದು ಹೋದಾಗ ಮಾತ್ರ ಏಳುತ್ತಿತ್ತು. ತೊಟ್ಟಿಲು ಅಲುಗಿದಾಗ ಮಾತ್ರ ಏಳುವ ನಮ್ಮ ಪಾಪುವಿನ ಹಾಗೆ.

ಪಾಪುವನ್ನು ಸೊಂಟಕ್ಕೇರಿಸಿಕೊಂಡು ತಟ್ಟೆಯ ಪಕ್ಕದಲ್ಲೇ ನಿಂತಿದ್ದೆ. ‘ಏನಮ್ಮಾ, ಮೊಮ್ಮಗಳಿಗೂ ಟ್ರೈನಿಂಗಾ?’ ಎಂದು ವಾಚ್ ರಿಪೇರಿಯವರು ನಕ್ಕರು. ಮಾವ ನಗಲಿಲ್ಲ. ಅವರು ಸೌಟು ಎತ್ತಿದ್ದು ಕಂಡಿತು. ಏಟು ಬಿದ್ದ ಕ್ಷಣಕ್ಕೇ ನನ್ನ ಹಿಮ್ಮಡಿ ಹಲಗೆಯನ್ನು ಗುದ್ದಿತು. ಯೋಚಿಸಿ ಮಾಡಿದೆ ಎನ್ನಲಾರೆ, ಯೋಚಿಸದೆ ಮಾಡಿದೆ ಎಂದೂ ಹೇಳಲಾರೆ. ಬಿಳಿಯದು ಥಟ್ಟನೆ ತಲೆಯೆತ್ತಿತು, ಆದರೆ ಮಾವನ ಕಡೆ ತಿರುಗಲಿಲ್ಲ, ನನ್ನ ಕಡೆ ತಿರುಗಿತು. ‘ಬಿಳೀದು ಭಾರೀ ಚುರುಕು ಕಣಯ್ಯ’ ಎಂದರು ವಾಚ್ ರಿಪೇರಿಯವರು. ನನ್ನ ಸೊಂಟದ ಮೇಲಿದ್ದವಳು ರವಿಕೆಯ ಗುಂಡಿ ಎಳೆಯುತ್ತಲೇ ಇದ್ದಳು.

ಬಿಳಿಯದು ಮನೆಯ ಮೂರರಲ್ಲಿ ಸೇರಿತು. ಕೊನೆಗೆ ಉಳಿದದ್ದು ಕಂದು ಮರಿ. ಹೊಟ್ಟೆಬಾಕ, ಹಾಲು ಬಿಟ್ಟು ತಲೆಯೆತ್ತಲು ಅರೆಗಳಿಗೆ ತಡಮಾಡಿತು, ಅಷ್ಟೇ. ನಾನು ಅಂಗಳದಾಚೆ ಹಾಲಿನ ಕ್ಯಾನಿನ ಮುಚ್ಚಳ ತೆಗೆದರೂ ಅದಕ್ಕೆ ಕೇಳುತ್ತಿತ್ತು. ಮಾವ ಚೀಲ ಹಿಡಿದು ಷೆಡ್ಡಿನ ಹಿಂದೆ ಹೋದರು. ಬಂದು ಕೈ ತೊಳೆದು ಚಹಾ ಕೇಳಿದರು. ನಾನೇ ಮಾಡಿಕೊಟ್ಟೆ. ನಾನು ಕಾಲು ಎತ್ತದಿದ್ದರೆ ಆ ಮರಿ ಇವತ್ತು ವಾಚ್ ಅಂಗಡಿಯ ಹೊಸ್ತಿಲಲ್ಲಿ ಮಲಗಿರುತ್ತಿತ್ತು.

ಸೋಮವಾರ ಮಾವ ಮೂರನ್ನೂ ಅಂಗಳಕ್ಕೆ ಬಿಟ್ಟು ಸೀಟಿ ಊದಿದರು. ಎರಡು ಓಡಿಬಂದವು, ಅವನ್ನು ನೋಡಿ ಬಿಳಿಯದೂ ಓಡಿಬಂತು. ನಿನ್ನೆ ಅದೊಂದನ್ನೇ ಬಿಟ್ಟರು. ಕಿಟಕಿಯಿಂದ ನೋಡುತ್ತಿದ್ದೆ. ಒಂದು ಸಲ ಊದಿದರು, ಎರಡು ಸಲ ಊದಿದರು. ಅದು ಹಗ್ಗದ ತುದಿ ಕಚ್ಚುತ್ತಾ ಕೂತಿತ್ತು. ಮಾವ ಸೀಟಿಯನ್ನು ಜೇಬಿಗೆ ಹಾಕಿಕೊಂಡು ತುಂಬಾ ಹೊತ್ತು ಕುಕ್ಕರಗಾಲಲ್ಲಿ ಕೂತರು. ಚಹಾ ಕೊಡಲು ಹೋದಾಗ ಲೋಟ ತೆಗೆದುಕೊಳ್ಳದೆ ನನ್ನ ಪಾದ ನೋಡಿದರು. ‘ಭಾನುವಾರ ನಿನ್ನ ಕಾಲಿಗೇನಾದ್ರೂ ಚುಚ್ಚಿತ್ತೇನಮ್ಮಾ?’ ಎಂದರು. ಇಲ್ಲ ಮಾವ ಎಂದೆ.

ಇನ್ನೊಂದು ಸಂಗತಿ. ಮೊದಲೆಲ್ಲ ಮಾವ ಬಾಗಿಲಲ್ಲೇ ನಿಂತು ‘ಏನ್ರೀ ಯಜಮಾನ್ತೀ’ ಎಂದು ಪಾಪುವನ್ನು ಕೂಗುತ್ತಿದ್ದರಲ್ಲ. ನಿನ್ನೆಯಿಂದ ಹಾಗೆ ಕೂಗುವುದಿಲ್ಲ. ಸುತ್ತಿಕೊಂಡು ಬಂದು, ಅವಳ ಕಣ್ಣಿಗೆ ಬೀಳುವಲ್ಲಿ ನಿಂತು, ಆಮೇಲೆ ಮಾತಾಡಿಸುತ್ತಾರೆ. ಮಾವ ಕೆಟ್ಟವರಲ್ಲ, ನನಗೆ ಗೊತ್ತು. ಆದರೂ ನಾನು ಸ್ನಾನಕ್ಕೆ ಹೋಗುವಾಗಲೂ ಅವಳನ್ನು ಬುಟ್ಟಿಯಲ್ಲಿ ಮಲಗಿಸಿ ಒಳಗೆ ಕರೆದುಕೊಂಡು ಹೋಗಿ ಚಿಲಕ ಹಾಕಿಕೊಳ್ಳುತ್ತೇನೆ. ಬಿಳಿ ಮರಿ ಇವತ್ತು ಬೆಳಿಗ್ಗೆ ಷೆಡ್ಡಿನಲ್ಲಿ ಕಾಣಲಿಲ್ಲ. ಕೇಳುವ ಧೈರ್ಯ ನನಗಿಲ್ಲ.

ನಾದಿನಿಗೆ ನನ್ನ ನೆನಪು ಹೇಳಿ, ಕೂಸಿಗೊಂದು ಮುತ್ತು ಕೊಡಿ. ಮಂಡಿಗೆ ಬಿಸಿನೀರಿನ ಶಾಖ ತಪ್ಪಿಸಬೇಡಿ. ನಿಮ್ಮ ಹಾರೈಕೆ ನಮ್ಮಿಬ್ಬರ ಮೇಲೂ ಇರಲಿ.

ನಿಮ್ಮ
ಸೊಸೆ

ಮತ್ತೆ: ಲಕೋಟೆ ಅಂಟಿಸುವ ಮೊದಲು ಇದನ್ನು ಬರೆದುಬಿಡುತ್ತೇನೆ. ಹೋದ ತಿಂಗಳು ನರ್ಸ್ ಬಂದು ಪಾಪುವಿನ ಹಿಂದೆ ಗಂಟೆ ಅಲ್ಲಾಡಿಸಿದರು, ಕಾರ್ಡಿನಲ್ಲಿ ‘ಸರಿಯಿದೆ’ ಎಂದು ಬರೆದರು ಎಂದು ನಿಮಗೆ ತಿಳಿಸಿದ್ದೆ. ಪಾಪು ತಿರುಗಿದ್ದು ನಿಜ. ಅವಳು ನನ್ನ ತೊಡೆಯ ಮೇಲಿದ್ದಳು. ಗಂಟೆ ಎಡಕ್ಕೆ ಬಂದಾಗ ಅವಳ ಎಡಪಕ್ಕೆ ಒತ್ತಿದೆ, ಬಲಕ್ಕೆ ಬಂದಾಗ ಬಲ. ಇವರಿಗೂ ಹೇಳಿಲ್ಲ. ಬರುವ ಸೋಮವಾರ ಹತ್ತು ಗಂಟೆಗೆ ಕಿವಿ ಡಾಕ್ಟರು ಬರಹೇಳಿದ್ದಾರೆ. ಎರಡು ದಿನದ ಮಟ್ಟಿಗಾದರೂ ಬನ್ನಿ, ಅತ್ತೆ. ಅವಳನ್ನು ನೀವು ಎತ್ತಿಕೊಂಡು ಕೂತುಕೊಳ್ಳಿ. ನನ್ನನ್ನು ಆ ಕೋಣೆಯ ಒಳಗೆ ಬಿಡಬೇಡಿ.